ಇಪ್ಪತ್ತೈದು ಡಾಲರಿನ ದಂಡ

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುವುದು ನಮ್ಮ ಹಿರಿಯರು ಸಂಸಾರಸ್ಥರಿಗೆ ಹೇಳಿಕೊಟ್ಟ ಪಾಠ. ಕೋರ್ಟಿನ ವಿಷಯ ಬಂದರಂತೂ ಇನ್ನೊಂದು ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ: ಗೆದ್ದವನು ಸೋತ, ಸೋತವನು ಸತ್ತ. ಹೀಗಾಗಿ ಗಾಡಿ ಓಡಿಸಿದ ತಪ್ಪಿಗೆ ಪೊಲೀಸರಿಂದ ದಂಡದ ಚೀಟಿ ಬಂದರೆ ನಮ್ಮ ಮನೆಗಳಲ್ಲಿ ಅದರ ಬಗ್ಗೆ ಹೆಚ್ಚು ಚರ್ಚೆಯೇ ನಡೆಯುವುದಿಲ್ಲ. ಕರೆಂಟ್ ಬಿಲ್ಲು, ನೀರಿನ ಕಂದಾಯ, ಹಾಲಿನ ಲೆಕ್ಕ, ಅವುಗಳ ಸಾಲಿನಲ್ಲಿ ಇದೂ ಒಂದು. ತಪ್ಪು ನಡೆದಿತ್ತೋ ಇಲ್ಲವೋ ಎಂಬುದು ಹಿಂದಕ್ಕೆ ಸರಿದು, ಇದಕ್ಕಾಗಿ ಯಾರು ಅಲೆಯುತ್ತಾರೆ ಎಂಬುದೇ ಮುಂದೆ ಬಂದು ನಿಲ್ಲುತ್ತದೆ. ಅಲೆಯುವುದಕ್ಕೆ ಒಂದು ದಿನದ ರಜೆ ಬೇಕು, ಆಟೋ ಖರ್ಚು ಬೇಕು, ಠಾಣೆಯ ಬೆಂಚಿನ ಮೇಲೆ ಕೂರುವ ಧೈರ್ಯ ಬೇಕು. ಅದರ ಬದಲು ಕಟ್ಟಿ ಕೈತೊಳೆದುಕೊಳ್ಳುವುದು ಮೇಲು ಎಂದು ಲೆಕ್ಕ ಹಾಕುವವರು ಸಾಮಾನ್ಯವಾಗಿ ಮನೆಯ ಹೆಂಗಸರೇ. ಈ ಲೆಕ್ಕ ದಡ್ಡತನದ್ದಲ್ಲ. ಬಹಳ ಸಲ ಸರಿಯಾಗಿಯೇ ಇರುತ್ತದೆ.

ಆದರೆ ಹಾಗೆ ಕಟ್ಟಿ ಕೈತೊಳೆದುಕೊಂಡ ಒಂದು ದಂಡ ಇತಿಹಾಸದಲ್ಲಿ ಎಷ್ಟು ದೂರ ಹೋಗಿ ಮುಟ್ಟಿತು ಎಂಬುದನ್ನು ಹೇಳಬೇಕು. ದಂಡ ಕಟ್ಟಿದವರು ಸಾಮಾನ್ಯರಲ್ಲ. ಬಲಿಷ್ಠವಾದ ಒಂದು ವ್ಯವಸ್ಥೆಯ ಎದುರು ಎದೆಯೊಡ್ಡಿ ನಿಂತವರು, ಮಾರ್ಟಿನ್ ಲೂಥರ್ ಕಿಂಗ್. ಅವರ ಜೀವನ ಚರಿತ್ರೆಗಳಲ್ಲಿ ಈ ಪ್ರಸಂಗಕ್ಕೆ ಸಿಗುವ ಜಾಗ ಕಡಿಮೆ. ದೊಡ್ಡ ಮೆರವಣಿಗೆಗಳ, ದೊಡ್ಡ ಭಾಷಣಗಳ ನಡುವೆ ಒಂದು ಡ್ರೈವಿಂಗ್ ಲೈಸೆನ್ಸಿನ ಕಥೆ ಯಾರ ಕಣ್ಣಿಗೆ ಬೀಳಬೇಕು!

1960ರ ಮೇ 4ರ ರಾತ್ರಿ. ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯ, ಅಟ್ಲಾಂಟಾ ನಗರ. ಕಿಂಗ್ ದಂಪತಿಗಳ ಮನೆಗೆ ಅಂದು ಊಟಕ್ಕೆ ಬಂದಿದ್ದವರು ಲಿಲಿಯನ್ ಸ್ಮಿತ್ ಎಂಬ ಬಿಳಿಯ ಲೇಖಕಿ. ಆಗ ಆಕೆಗೆ ಅರವತ್ತು ದಾಟಿತ್ತು. ಸ್ತನದ ಕ್ಯಾನ್ಸರಿಗೆ ಎಮೊರಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಊಟವಾದ ಮೇಲೆ ಕಿಂಗ್ ಆಕೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಡಲು ಹೊರಟರು. ಆಸ್ಪತ್ರೆ ಇದ್ದದ್ದು ಪಕ್ಕದ ಡಿಕಾಲ್ಬ್ ಜಿಲ್ಲೆಯಲ್ಲಿ. ಅಲ್ಲಿನ ಪೊಲೀಸನ ಕಣ್ಣಿಗೆ ಬಿದ್ದದ್ದು ಕಾರಿನ ವೇಗವಲ್ಲ, ದೀಪವಲ್ಲ. ಕಪ್ಪು ಗಂಡಸು ಓಡಿಸುತ್ತಿರುವ ಕಾರಿನಲ್ಲಿ ಒಬ್ಬ ಬಿಳಿಯ ಹೆಂಗಸು! ಆ ಕಾಲದ ಆ ಸೀಮೆಯಲ್ಲಿ ಗಾಡಿ ನಿಲ್ಲಿಸಲು ಇಷ್ಟು ಸಾಕಾಗಿತ್ತು.

ನಿಲ್ಲಿಸಿದ ಮೇಲೆ ಏನಾದರೊಂದು ತಪ್ಪು ಸಿಗಬೇಕಲ್ಲ, ಸಿಕ್ಕಿತು. ಕಿಂಗ್ ಹುಟ್ಟಿದ್ದು ಅಟ್ಲಾಂಟಾದಲ್ಲೇ. ಆದರೆ ನೆರೆಯ ಅಲಬಾಮಾ ರಾಜ್ಯದ ಮಾಂಟ್ಗಮರಿಯಲ್ಲಿ ಐದಾರು ವರ್ಷ ಪಾದ್ರಿಯಾಗಿದ್ದು, 1960ರ ಆರಂಭದಲ್ಲಷ್ಟೇ ತವರಿಗೆ ಮರಳಿದ್ದರು. ಕೈಯಲ್ಲಿದ್ದದ್ದು ಅಲಬಾಮಾದ ಲೈಸೆನ್ಸು. ಹೊಸದಾಗಿ ಬಂದು ನೆಲೆಸಿದವರು ಮೂರು ತಿಂಗಳೊಳಗೆ ಜಾರ್ಜಿಯಾದ ಲೈಸೆನ್ಸು ಪಡೆಯಬೇಕಿತ್ತು. ಊರು ಬದಲಾಯಿಸಿದವರಿಗೆ ಗೊತ್ತು, ಗ್ಯಾಸ್, ರೇಷನ್ ಕಾರ್ಡು, ಮಕ್ಕಳ ಶಾಲೆಯ ಟಿ.ಸಿ., ಎಲ್ಲ ಮುಗಿದು ಲೈಸೆನ್ಸಿನ ಸರದಿ ಬರುವಾಗ ವರ್ಷವೇ ಕಳೆದಿರುತ್ತದೆ. ಪೊಲೀಸ್ ಚೀಟಿ ಬರೆದು ಕೊಟ್ಟ.

ಲಿಲಿಯನ್ ಸ್ಮಿತ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಈ ಕಥೆ ಹೇಳುವವರೆಲ್ಲ ಆಕೆಯನ್ನು "ಕಾರಿನಲ್ಲಿದ್ದ ಬಿಳಿಯ ಹೆಂಗಸು" ಎಂದಷ್ಟೇ ಹೇಳಿ ಇಳಿಸಿಬಿಡುತ್ತಾರೆ. ಆಕೆ ದಕ್ಷಿಣದಲ್ಲೇ ಹುಟ್ಟಿ ಬೆಳೆದವರು, ಜಾರ್ಜಿಯಾದ ಗುಡ್ಡದ ಊರೊಂದರಲ್ಲಿ ಹೆಣ್ಣುಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸುತ್ತಿದ್ದವರು. 1944ರಲ್ಲಿ ಆಕೆ ಬರೆದ 'ಸ್ಟ್ರೇಂಜ್ ಫ್ರೂಟ್' ಎಂಬ ಕಾದಂಬರಿ ಕಪ್ಪು ಹುಡುಗಿ ಮತ್ತು ಬಿಳಿ ಹುಡುಗನ ಪ್ರೇಮದ ಕಥೆ. ಬಾಸ್ಟನ್ ನಗರದಲ್ಲಿ ಅದಕ್ಕೆ ನಿಷೇಧ ಬಿತ್ತು, ಪ್ರತಿಗಳು ಮಾತ್ರ ಲಕ್ಷಗಟ್ಟಲೆ ಖರ್ಚಾದವು. ಬಣ್ಣದ ಭೇದ ಕಪ್ಪು ಜನರನ್ನಷ್ಟೇ ಅಲ್ಲ, ಅದನ್ನು ಆಚರಿಸುವ ಬಿಳಿಯರ ಮನಸ್ಸನ್ನೂ ಕೊಳೆಸುತ್ತದೆ ಎಂದು ತನ್ನ ಜನರಿಗೇ ಹೇಳಿದ ಹೆಂಗಸು ಆಕೆ. ಮಡಿ ಮೈಲಿಗೆಯ ಮನೆಗಳಲ್ಲಿ ಬೆಳೆದ ನಮಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಿಂಗ್ ಅವರಿಗೆ ಇಂಥ ಚೀಟಿ ಹೊಸದಾಗಿರಲಿಲ್ಲ. ಟ್ರಾಫಿಕ್ ಕಾನೂನು ಆಯುಧವಾಗುವುದು ಹೇಗೆ ಎಂಬುದನ್ನು ಅವರು ಮಾಂಟ್ಗಮರಿಯಲ್ಲಿ ಕಣ್ಣಾರೆ ಕಂಡಿದ್ದರು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆಯ ಕೆಲಸದಾಕೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲವೆಂದು ಬಂಧಿತಳಾದ ಸಂಗತಿ ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಆಕೆಗೆ ಬಿದ್ದ ದಂಡ ಎಷ್ಟೆಂದು ಎಷ್ಟು ಜನಕ್ಕೆ ಗೊತ್ತೋ ಕಾಣೆ. ಹತ್ತು ಡಾಲರ್ ದಂಡ, ನಾಲ್ಕು ಡಾಲರ್ ಕೋರ್ಟ್ ಖರ್ಚು. ಒಟ್ಟು ಹದಿನಾಲ್ಕು. ಡಿಸೆಂಬರ್ 5ರ ಬೆಳಿಗ್ಗೆ ಕೆಲವೇ ನಿಮಿಷಗಳಲ್ಲಿ ವಿಚಾರಣೆ ಮುಗಿಯಿತು. ಹದಿನಾಲ್ಕು ಡಾಲರ್ ಎಣಿಸಿಕೊಟ್ಟಿದ್ದರೆ ಆ ದಿನವೇ ಕಥೆ ಮುಗಿಯುತ್ತಿತ್ತು. ರೋಸಾ ಕಟ್ಟಲಿಲ್ಲ, ವಕೀಲ ಫ್ರೆಡ್ ಗ್ರೇ ಮೂಲಕ ಮೇಲ್ಮನವಿ ಹಾಕಿದರು. ಅದೇ ದಿನದಿಂದ ಮಾಂಟ್ಗಮರಿಯ ಕಪ್ಪು ಜನರೆಲ್ಲ ಬಸ್ಸು ಹತ್ತುವುದನ್ನು ಬಿಟ್ಟರು, 381 ದಿನ.

ಅವರ ಬೆನ್ನೆಲುಬು ಹೆಂಗಸರು. ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜೋ ಆನ್ ರಾಬಿನ್ಸನ್, ರೋಸಾ ಬಂಧನದ ಸುದ್ದಿ ಬಂದ ರಾತ್ರಿಯೇ ಕಾಲೇಜಿಗೆ ಹೋಗಿ ಹತ್ತಾರು ಸಾವಿರ ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿ ಬೆಳಗಾಗುವಷ್ಟರಲ್ಲಿ ಹಂಚಲು ಕಳಿಸಿದ್ದರು. ಬಸ್ಸು ಬಿಟ್ಟ ಮೇಲೆ ಜನ ಕೆಲಸಕ್ಕೆ ಹೋಗಬೇಕಲ್ಲ. ಕಾರಿದ್ದವರು ಕಾರು ಕೊಟ್ಟರು. ಸುಮಾರು 300 ಕಾರುಗಳು ಬೆಳಿಗ್ಗೆ ಸಂಜೆ ಅಡಿಗೆಯವರನ್ನು, ಆಯಾಗಳನ್ನು, ಕೂಲಿಯವರನ್ನು ಹೊತ್ತು ಓಡಾಡಿದವು. ಈ ಚಳವಳಿಯನ್ನು ಮುರಿಯಲು ನಗರಾಡಳಿತ ಹಿಡಿದ ಉಪಾಯವೇ ದಂಡದ ಚೀಟಿ. 1956ರ ಜನವರಿಯಿಂದ ಪೊಲೀಸರು ಈ ಕಾರುಗಳ ಬೆನ್ನು ಹತ್ತಿದರು. ವೇಗ ಹೆಚ್ಚಾಯಿತು ಎಂದು ಒಂದು ಚೀಟಿ, ನಿಧಾನವಾಯಿತು ಎಂದು ಇನ್ನೊಂದು, ನಿಲ್ಲಿಸಬಾರದಲ್ಲಿ ನಿಲ್ಲಿಸಿದೆ ಎಂದು ಮತ್ತೊಂದು. ರಾಬಿನ್ಸನ್ ಅವರಿಗೂ ಚೀಟಿಯ ಮೇಲೆ ಚೀಟಿ ಬಂತು. ಸಾಲದೆಂಬಂತೆ ಆಕೆಯ ಕಾರಿನ ಮೇಲೆ ಆಸಿಡ್ ಸುರಿದು ತೂತು ಬೀಳಿಸಿದರು. ಆ ತೂತುಬಿದ್ದ ಕಾರನ್ನೇ ಆಕೆ ವರ್ಷಗಟ್ಟಲೆ ಓಡಿಸಿದರು.

ಈ ಚೀಟಿಗಳ ಮೊತ್ತ ಒಂದೊಂದಾಗಿ ನೋಡಿದರೆ ಏನೂ ಅಲ್ಲ. ಆದರೆ ಚೀಟಿ ಹೆಚ್ಚಿದಂತೆ ಲೈಸೆನ್ಸಿಗೆ ಸಂಚಕಾರ, ಕಾರಿನ ವಿಮೆಗೆ ಸಂಚಕಾರ. ವಿಮೆ ಕಂಪನಿಗಳು ಒಂದರ ಹಿಂದೊಂದು ಪಾಲಿಸಿ ರದ್ದು ಮಾಡಿ, ಕೊನೆಗೆ ಸಮುದ್ರದಾಚೆಯ ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮೆ ಮಾಡಿಸಬೇಕಾಯಿತು. ಮಾಡದ ತಪ್ಪಿಗೆ ಬಂದ ಚೀಟಿಯನ್ನು ಪ್ರಶ್ನಿಸೋಣ ಎಂದರೆ ಹೋಗಬೇಕಾದದ್ದು ಅದೇ ನಗರದ ಅದೇ ನ್ಯಾಯಾಧೀಶರ ಬಳಿಗೆ, ಎದುರು ಸಾಕ್ಷಿ ಅದೇ ಪೊಲೀಸ್. ಅಂಥಲ್ಲಿ ದಂಡ ಕಟ್ಟಿ ಮರುದಿನ ಬೆಳಿಗ್ಗೆ ಮತ್ತೆ ಕಾರು ತೆಗೆದು ನಾಲ್ಕು ಜನ ಹೆಂಗಸರನ್ನು ಕೆಲಸಕ್ಕೆ ಮುಟ್ಟಿಸುವುದೇ ಪ್ರತಿಭಟನೆ. ಕಟ್ಟಿದವರನ್ನು ಹೇಡಿಗಳೆಂದು ಕರೆಯಲು ನನ್ನಿಂದಾಗದು.

1956ರ ಜನವರಿ 26ರಂದು ಸರದಿ ಕಿಂಗ್ ಅವರದ್ದು. ಗಂಟೆಗೆ 25 ಮೈಲಿಯ ಮಿತಿಯಿದ್ದ ಕಡೆ 30 ಮೈಲಿ ವೇಗದಲ್ಲಿ ಓಡಿಸಿದರೆಂದು ಹಿಡಿದರು. ಚೀಟಿ ಕೊಟ್ಟು ಬಿಡಬಹುದಾಗಿದ್ದ ಸಂಗತಿ, ಪೊಲೀಸ್ ಗಾಡಿಯಲ್ಲಿ ಕೂರಿಸಿ ಊರ ಹೊರಗೆ ಕರೆದೊಯ್ದರು. ಜೈಲು ಯಾವ ದಿಕ್ಕಿಗಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಕತ್ತಲ ದಾರಿಯಲ್ಲಿ ತನ್ನನ್ನು ಕೊಲ್ಲಲು ಒಯ್ಯುತ್ತಿದ್ದಾರೆ ಎಂದೇ ನಂಬಿದ್ದಾಗಿ, ಜೈಲಿನ ಬೋರ್ಡು ಕಂಡಾಗ ಸಮಾಧಾನವಾದದ್ದಾಗಿ ನಂತರ ಬರೆದಿದ್ದಾರೆ. ಜೈಲಿನ ಬೋರ್ಡು ಕಂಡು ನೆಮ್ಮದಿಯಾಗುವ ಕಾಲ! ನಾಲ್ಕು ದಿನ ಕಳೆದು ಅವರ ಮನೆಯ ಮೇಲೆ ಬಾಂಬು ಬಿತ್ತು. ಒಳಗೆ ಪತ್ನಿ ಕೊರೆಟಾ, ಎರಡು ತಿಂಗಳ ಹಸುಗೂಸು. ಇಬ್ಬರೂ ಉಳಿದರು.

ಬಸ್ಸಿನ ಪ್ರಶ್ನೆ ಗೆದ್ದದ್ದು ರೋಸಾ ಅವರ ಹದಿನಾಲ್ಕು ಡಾಲರಿನ ಮೊಕದ್ದಮೆಯಿಂದಲ್ಲ. ಅದು ರಾಜ್ಯದ ಕೋರ್ಟುಗಳಲ್ಲಿ ಸಿಕ್ಕಿಕೊಂಡಿತು. ಹದಿನೈದರ ಹರೆಯದಲ್ಲಿ ಬಂಧಿತಳಾಗಿದ್ದ ಕ್ಲಾಡೆಟ್ ಕಾಲ್ವಿನ್, ಎಪ್ಪತ್ತು ದಾಟಿದ ಸೂಸಿ ಮೆಕ್‌ಡೊನಾಲ್ಡ್, ಅವರೊಂದಿಗೆ ಅರೀಲಿಯಾ ಬ್ರೌಡರ್ ಮತ್ತು ಮೇರಿ ಲೂಯಿಸ್ ಸ್ಮಿತ್, ಹೀಗೆ ನಾಲ್ವರು ಹೆಂಗಸರು ಕೇಂದ್ರದ ನ್ಯಾಯಾಲಯದಲ್ಲಿ ಬೇರೆಯೇ ದಾವೆ ಹೂಡಿದರು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಯಾವ ಬಾಗಿಲು ತಟ್ಟಬೇಕು ಎಂಬುದೂ ಹೋರಾಟದಷ್ಟೇ ಮುಖ್ಯ ಎಂಬುದನ್ನು ಕಿಂಗ್ ಬಳಗ ಅಲ್ಲಿ ಕಲಿತಿತ್ತು.

ಇಷ್ಟೆಲ್ಲ ಬಲ್ಲ ಕಿಂಗ್ 1960ರಲ್ಲಿ ಲೈಸೆನ್ಸಿನ ಚೀಟಿಯನ್ನು ಸುಮ್ಮನೆ ಒಪ್ಪಿಕೊಂಡದ್ದೇಕೆ? ಉತ್ತರ ಆ ವರ್ಷದ ಅವರ ದಿನಚರಿಯಲ್ಲೇ ಇದೆ. ಅಲಬಾಮಾ ಸರ್ಕಾರ ಅವರ ಮೇಲೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸುಳ್ಳು ಪ್ರಮಾಣ ಮಾಡಿದ ಆರೋಪ ಹೊರಿಸಿತ್ತು. ಸೋತರೆ ವರ್ಷಗಟ್ಟಲೆ ಸೆರೆ, ಅದಕ್ಕಿಂತ ಹೆಚ್ಚಾಗಿ ಕಳ್ಳನೆಂಬ ಹೆಸರು. ಆ ಮೊಕದ್ದಮೆಯನ್ನು ಅವರು ಕೊನೆಯವರೆಗೆ ಹೋರಾಡಿದರು. ಎಲ್ಲರೂ ಬಿಳಿಯರೇ ಇದ್ದ ಹನ್ನೆರಡು ಜನರ ಜ್ಯೂರಿ, 1960ರ ಮೇ 28ರಂದು, ಕಾರು ತಡೆದು ನಿಲ್ಲಿಸಿದ ಇಪ್ಪತ್ತನಾಲ್ಕನೇ ದಿನ, ಅವರನ್ನು ನಿರ್ದೋಷಿ ಎಂದಿತು. ದೊಡ್ಡದನ್ನು ಗೆದ್ದು ಬಂದವನಿಗೆ ಚಿಕ್ಕದು ಕಾಣುವುದು ಕಷ್ಟ. ಮದುವೆ ಮನೆಯ ಸಾಲ ತೀರಿಸಿದವರು ಅಂಗಡಿಯ ಉದ್ರಿ ಮರೆತಂತೆ.

ಸೆಪ್ಟೆಂಬರ್ 23ರಂದು ಡಿಕಾಲ್ಬ್ ಜಿಲ್ಲೆಯ ನ್ಯಾಯಾಧೀಶ ಆಸ್ಕರ್ ಮಿಚೆಲ್ ಎದುರು ಪ್ರಕರಣ ಬಂತು. 25 ಡಾಲರ್ ದಂಡ. ಆಗಿನ ಲೆಕ್ಕದಲ್ಲಿ ನಮ್ಮ 120 ರೂಪಾಯಿಯ ಆಸುಪಾಸು. ಕಿಂಗ್ ಕಟ್ಟಿದರು, ಹೊರಟರು. ಆದರೆ ಅಂದಿನ ಆದೇಶದಲ್ಲಿ ದಂಡದ ಜೊತೆ ಇನ್ನೊಂದು ಸಾಲಿತ್ತು: ಹನ್ನೆರಡು ತಿಂಗಳ ಸನ್ನಡತೆಯ ಷರತ್ತು. ಆ ಅವಧಿಯಲ್ಲಿ ಯಾವುದೇ ಕಾನೂನು ಮುರಿದರೆ ಅಮಾನತಿನಲ್ಲಿಟ್ಟ ಶಿಕ್ಷೆ ತಲೆಯ ಮೇಲೆ ಬೀಳುತ್ತದೆ. ಆ ಸಾಲು ತನಗೆ ತಿಳಿದೇ ಇರಲಿಲ್ಲ ಎಂದು ಕಿಂಗ್ ಆಮೇಲೆ ಹೇಳಿದರು. ಕಾನೂನು ಮುರಿಯುವುದನ್ನೇ ವ್ರತ ಮಾಡಿಕೊಂಡವನಿಗೆ ಹನ್ನೆರಡು ತಿಂಗಳ ಸನ್ನಡತೆ! ಮೀನಿಗೆ ವರ್ಷವಿಡೀ ನೀರಿನಿಂದ ದೂರವಿರು ಎಂದ ಹಾಗೆ.

ಇಲ್ಲಿ ಸ್ವಲ್ಪ ನಿಂತು ನಮ್ಮ ಕಡೆಯ ಕಾನೂನಿನ ಮಾತು ಹೇಳಬೇಕು, ಇಲ್ಲದಿದ್ದರೆ ಓದುವವರು ಗಾಬರಿಯಾದಾರು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 208ನೇ ಕಲಮಿನಂತೆ ಸಣ್ಣ ಪ್ರಕರಣದಲ್ಲಿ ಕೋರ್ಟಿನ ಸಮನ್ಸ್ ಬಂದರೆ, ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗಬಹುದು, ಇಲ್ಲವೇ ತಪ್ಪೊಪ್ಪಿಕೊಂಡು ಮನಿ ಆರ್ಡರಿನಲ್ಲೇ ದಂಡದ ಹಣವನ್ನು ಕಳಿಸಬಹುದು. ಹಾಗೆ ಕಳಿಸಿದರೆ ಆ ತಪ್ಪಿನ ಬಗ್ಗೆ ಮುಂದೆ ಯಾವ ಕ್ರಮವೂ ಇಲ್ಲ, ಒಪ್ಪಿಕೊಂಡ ಕಾರಣಕ್ಕೇ ಲೈಸೆನ್ಸಿಗೆ ಅನರ್ಹರಾಗುವುದೂ ಇಲ್ಲ ಎಂದು ಅದೇ ಕಲಮಿನಲ್ಲಿದೆ. ಈ ವಿಷಯದಲ್ಲಿ ನಮ್ಮ ಕಾಯಿದೆ ಆ ಜಾರ್ಜಿಯಾದ ನ್ಯಾಯಾಧೀಶನಿಗಿಂತ ಕರುಣಾಳು. ಎರಡನೆಯ ಸಲಕ್ಕೆ ದಂಡ ಹೆಚ್ಚು ಎಂಬುದು ಮಾತ್ರ ನೆನಪಿರಲಿ. 2019ರ ತಿದ್ದುಪಡಿಯ ಮೇಲೆ, ಬೇರೆ ದಂಡ ಹೇಳದ ಸಾಮಾನ್ಯ ತಪ್ಪಿಗೆ ಮೊದಲ ಸಲ 500 ರೂಪಾಯಿ, ಆಮೇಲಿನದಕ್ಕೆ 1500. ಕ್ಯಾಮೆರಾ ಹಿಡಿದ ತಪ್ಪಿನ ನೋಟಿಸನ್ನು ಹದಿನೈದು ದಿನದೊಳಗೆ ಕಳಿಸಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಈ ಒಂದು ನಿಯಮ ಗೊತ್ತಿದ್ದರೂ ಅರ್ಧ ಧೈರ್ಯ ಬರುತ್ತದೆ.

ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರಿಗೆ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದಿರಿ ಎಂದು ಮೊಬೈಲಿಗೆ ಸಂದೇಶ ಬಂತು, ಜೊತೆಗೆ ಫೋಟೋ. ಫೋಟೋದಲ್ಲಿದ್ದದ್ದು ಮೋಟಾರ್ ಬೈಕು, ಅದರ ಮೇಲೆ ದಪ್ಪ ಮೀಸೆಯ ಒಬ್ಬ ಯುವಕ. ಇವರದ್ದು ಹಳೆಯ ಸ್ಕೂಟರು. ನಂಬರಿನ ಕೊನೆಯ ಮೂರನ್ನು ಯಾರೋ ಎಂಟೆಂದು ಓದಿದ್ದರು. ಅಷ್ಟರಲ್ಲಿ 2023ರ ಫೆಬ್ರುವರಿ ಬಂತು. ಬಾಕಿ ದಂಡ ಕಟ್ಟುವವರಿಗೆ ಅರ್ಧ ರಿಯಾಯಿತಿ ಎಂದು ರಾಜ್ಯ ಸರ್ಕಾರ ಕೆಲವು ದಿನಗಳ ಅವಕಾಶ ಕೊಟ್ಟಾಗ ಜನ ಮುಗಿಬಿದ್ದು, ನೂರು ಕೋಟಿಗೂ ಮೀರಿ ದಂಡ ವಸೂಲಾದದ್ದು ನಿಮಗೂ ನೆನಪಿರಬಹುದು. ಸೀರೆ ಅಂಗಡಿಯ ಆಷಾಢದ ಸೇಲಿನಲ್ಲೂ ಅಂಥ ನೂಕುನುಗ್ಗಲು ನಾನು ಕಂಡಿಲ್ಲ. ಮಗ ಹೇಳಿದ, "ಅಮ್ಮ, 250 ರೂಪಾಯಿ, ಈಗಲೇ ಫೋನಿನಲ್ಲಿ ಒತ್ತಿಬಿಡುತ್ತೇನೆ." ಆಕೆ ಹೇಳಿದ ಉತ್ತರ ನಮ್ಮ ಬೀದಿಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ: "250 ರೂಪಾಯಿ ಉಳಿಸೋದಕ್ಕೆ ನಾನು ಮೀಸೆ ಬಿಟ್ಟುಕೊಳ್ಳಲೇನಪ್ಪ?" ಗಾಡಿಯ ದಾಖಲೆಯ ಪ್ರತಿ, ತನ್ನ ಸ್ಕೂಟರಿನ ಫೋಟೋ, ಒಂದು ಪುಟದ ಅರ್ಜಿ ತೆಗೆದುಕೊಂಡು ಹೋದರು. ಮೊದಲ ದಿನ ಸಾಹೇಬರಿರಲಿಲ್ಲ, ಎರಡನೇ ದಿನ ಕಂಪ್ಯೂಟರಿರಲಿಲ್ಲ. ಮೂರನೇ ಸಲಕ್ಕೆ ಕೇಸು ತೆಗೆದುಹಾಕಿದರು. ಆಟೋಗೆ ಖರ್ಚಾದದ್ದು 250ಕ್ಕಿಂತ ಹೆಚ್ಚು ಎಂದು ಮಗ ಲೆಕ್ಕ ತೋರಿಸಿದ. ಆಕೆ ಆ ಚೀಟಿಯನ್ನು ಪಾಠದ ಟಿಪ್ಪಣಿಗಳ ಜೊತೆ ಜೋಪಾನವಾಗಿ ಇಟ್ಟಿದ್ದಾರೆ.

ಅಟ್ಲಾಂಟಾಕ್ಕೆ ಮರಳೋಣ. ದಂಡ ಕಟ್ಟಿ ಒಂದು ತಿಂಗಳೂ ಆಗಿರಲಿಲ್ಲ. ನಗರದ ಅತಿ ದೊಡ್ಡ ಜವಳಿ ಮಳಿಗೆ ರಿಚ್ಸ್. ಅಲ್ಲಿ ಕಪ್ಪು ಜನರು ಬಟ್ಟೆ ಕೊಳ್ಳಬಹುದು, ಆದರೆ ಅಲ್ಲಿನ ಊಟದ ಕೋಣೆಯಲ್ಲಿ ಬಿಳಿಯರ ಜೊತೆ ಕೂರುವಂತಿಲ್ಲ. ದುಡ್ಡಿಗೆ ಮೈಲಿಗೆಯಿಲ್ಲ, ತಟ್ಟೆಗೆ ಇದೆ. ಕಾಲೇಜು ವಿದ್ಯಾರ್ಥಿಗಳು ಅಲ್ಲಿ ಹೋಗಿ ಕೂತು ಸತ್ಯಾಗ್ರಹ ಮಾಡಲು ನಿರ್ಧರಿಸಿ ಕಿಂಗ್ ಅವರನ್ನೂ ಬರಲೇಬೇಕೆಂದು ಒತ್ತಾಯಿಸಿದರು. ಕಿಂಗ್ ಹಿಂದು ಮುಂದು ನೋಡಿ ಕೊನೆಗೆ ಹೊರಟರು. ಅಕ್ಟೋಬರ್ 19ರಂದು ವಿದ್ಯಾರ್ಥಿಗಳ ಜೊತೆ ಬಂಧನ. ಜಾಮೀನು ಬೇಡವೆಂದು ಎಲ್ಲರೂ ಜೈಲಿನಲ್ಲಿ ಕೂತರು. ನಾಲ್ಕೈದು ದಿನದಲ್ಲಿ ಮೇಯರ್ ರಾಜಿ ಮಾಡಿಸಿ, ವಿದ್ಯಾರ್ಥಿಗಳೆಲ್ಲ ಹೊರಗೆ ಬಂದರು. ಕಿಂಗ್ ಒಬ್ಬರನ್ನು ಬಿಡಲಿಲ್ಲ. ಪಕ್ಕದ ಡಿಕಾಲ್ಬ್ ಜಿಲ್ಲೆಯವರು ಅವರನ್ನು ತಮಗೆ ಒಪ್ಪಿಸಬೇಕೆಂದು ಕೇಳಿದ್ದರು. ಮರೆತುಹೋಗಿದ್ದ ಆ ಇಪ್ಪತ್ತೈದು ಡಾಲರಿನ ಚೀಟಿ ಎದ್ದು ನಿಂತಿತು.

ಅಕ್ಟೋಬರ್ 25ರಂದು ಅದೇ ಮಿಚೆಲ್ ಎದುರು ವಿಚಾರಣೆ. ಸನ್ನಡತೆಯ ಷರತ್ತು ಮುರಿದಿದ್ದೀರಿ, ನಾಲ್ಕು ತಿಂಗಳ ಕಠಿಣ ದುಡಿಮೆಯ ಸೆರೆ. ವಕೀಲ ಡೊನಾಲ್ಡ್ ಹಾಲೊವೆಲ್ ಎಷ್ಟು ವಾದಿಸಿದರೂ ಜಾಮೀನು ಸಿಗಲಿಲ್ಲ. ಕೊರೆಟಾ ಆಗ ಗರ್ಭಿಣಿ, ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು. ಐದು ವರ್ಷ ಬಾಂಬು, ಬೆದರಿಕೆಯ ಫೋನುಗಳ ನಡುವೆ ಗಟ್ಟಿಯಾಗಿದ್ದ ಆಕೆ ಆ ದಿನ ಎಲ್ಲರೆದುರು ಅತ್ತರು. ಡಿಕಾಲ್ಬ್ ಅಂದರೆ ಸುಮ್ಮನೆ ಅಲ್ಲ, ಕಪ್ಪು ಜನರನ್ನು ಕೊಂದು ಮರಕ್ಕೆ ತೂಗುಹಾಕುತ್ತಿದ್ದ ಕು ಕ್ಲಕ್ಸ್ ಕ್ಲಾನ್ 1915ರಲ್ಲಿ ಮರುಹುಟ್ಟು ಪಡೆದದ್ದು ಆ ಜಿಲ್ಲೆಯ ಸ್ಟೋನ್ ಮೌಂಟನ್ ಎಂಬ ಬಂಡೆಯ ಮೇಲೆ.

ಬೆಳಗಾಗುವ ಮೊದಲೇ ಕಿಂಗ್ ಅವರನ್ನು ಎಬ್ಬಿಸಿ, ಕೈಗೆ ಕೋಳ ಕಾಲಿಗೆ ಸಂಕೋಲೆ ತೊಡಿಸಿ, ಎಲ್ಲಿಗೆಂದು ಹೇಳದೆ ಕಾರಿನಲ್ಲಿ ಕೂರಿಸಿದರು. ಇನ್ನೂರಕ್ಕೂ ಹೆಚ್ಚು ಮೈಲಿ ದೂರದ ರೀಡ್ಸ್‌ವಿಲ್ ಸೆರೆಮನೆಗೆ. ಬೆಳಿಗ್ಗೆ ಹಾಲೊವೆಲ್ ಮತ್ತೊಂದು ಅರ್ಜಿ ಹಿಡಿದು ಬಂದಾಗ ಕಕ್ಷಿದಾರರೇ ಅಲ್ಲಿರಲಿಲ್ಲ. ಸಂಕೋಲೆಯಲ್ಲಿ ಅಷ್ಟು ದೂರದ ಕತ್ತಲ ಪ್ರಯಾಣ, ನಾಲ್ಕು ವರ್ಷ ಹಿಂದೆ 5 ಮೈಲಿ ವೇಗ ಹೆಚ್ಚಾದದ್ದಕ್ಕೆ ಒಯ್ದ ಆ ದಾರಿಯ ನೆನಪು, ಅವರಿಗೆ ಹೇಗಾಗಿರಬೇಕು! ಅಲ್ಲಿಂದ ಕೊರೆಟಾಗೆ ಬರೆದ ಪತ್ರದಲ್ಲಿ ಧೈರ್ಯದ ಮಾತಿನ ಜೊತೆ ಒಂದು ಪುಸ್ತಕಗಳ ಪಟ್ಟಿಯಿದೆ. ಬೈಬಲ್ಲು, ನಿಘಂಟು, ಸ್ಟ್ಯಾನ್ಲಿ ಜೋನ್ಸ್ ಬರೆದ ಗಾಂಧೀಜಿಯ ಪುಸ್ತಕ. ಹಿಂದಿನ ವರ್ಷ, 1959ರಲ್ಲಿ, ಗಂಡ ಹೆಂಡತಿ ಇಬ್ಬರೂ ತಿಂಗಳ ಕಾಲ ನಮ್ಮ ದೇಶ ಸುತ್ತಿದ್ದರು. ಬೆಂಗಳೂರನ್ನೂ ಹಾದುಹೋಗಿದ್ದರು. ಸಭೆಗಳಲ್ಲಿ ಅವರು ಮಾತಾಡಿದರೆ ಕೊರೆಟಾ ಹಾಡುತ್ತಿದ್ದರು.

ಕೊರೆಟಾ ಅಳುತ್ತಾ ಕೂರಲಿಲ್ಲ. ಹ್ಯಾರಿಸ್ ವಾಫರ್ಡ್ ಎಂಬ ಪರಿಚಿತರಿಗೆ ಫೋನು ಮಾಡಿ, ಗಂಡನನ್ನು ಕೊಂದೇಬಿಡುತ್ತಾರೆಂಬ ತಮ್ಮ ಭಯ ಹೇಳಿಕೊಂಡರು. ಆತ ಪತ್ನಿಯೊಡನೆ ಭಾರತಕ್ಕೆ ಬಂದು ಗಾಂಧಿಯ ದಾರಿಯನ್ನು ಅಭ್ಯಸಿಸಿ ಹೋಗಿದ್ದವರು, ಆಗ ಅಧ್ಯಕ್ಷ ಪದವಿಗೆ ನಿಂತಿದ್ದ ಜಾನ್ ಕೆನಡಿಯ ಬಳಗದಲ್ಲಿ ಕೆಲಸ ಮಾಡುತ್ತಿದ್ದರು. ಮತದಾನಕ್ಕೆ ಉಳಿದದ್ದು ಎರಡೇ ವಾರ. ಕಪ್ಪು ನಾಯಕನ ಪರ ಮಾತಾಡಿದರೆ ದಕ್ಷಿಣದ ಬಿಳಿಯರ ಮತ ಕೈತಪ್ಪುವ ಭಯ ಕೆನಡಿಯ ಸಲಹೆಗಾರರಿಗೆ. ಅವರೆಲ್ಲ ಕೋಣೆಯಿಂದ ಆಚೆ ಹೋಗುವವರೆಗೆ ಕಾದು, ಭಾವಮೈದುನ ಸಾರ್ಜೆಂಟ್ ಶ್ರೈವರ್ ಕೆನಡಿಯ ಕೈಗೆ ನಂಬರು ಕೊಟ್ಟರು. ಅಕ್ಟೋಬರ್ 26ರ ಬೆಳಿಗ್ಗೆ ಕೊರೆಟಾ ವಕೀಲರೊಬ್ಬರನ್ನು ಕಾಣಲು ಸಿದ್ಧರಾಗುತ್ತಿದ್ದಾಗ ಫೋನು ಬಂತು. ಎರಡು ನಿಮಿಷವೂ ಇಲ್ಲದ ಮಾತು. ಗರ್ಭಿಣಿಯೊಬ್ಬಳಿಗೆ ಹೇಳುವ ಸಾಂತ್ವನದ ಮಾತಷ್ಟೇ. ಮರುದಿನದೊಳಗೆ ತಮ್ಮ ರಾಬರ್ಟ್ ಕೆನಡಿ ನ್ಯಾಯಾಧೀಶ ಮಿಚೆಲ್‌ಗೂ ಫೋನು ಮಾಡಿದ. ಇದು ಸರಿಯಾದ ಕ್ರಮವಲ್ಲ, ನ್ಯಾಯಾಧೀಶರಿಗೆ ರಾಜಕಾರಣಿ ಫೋನು ಮಾಡಬಾರದು, ಒಳ್ಳೆಯ ಕೆಲಸಕ್ಕಾದರೂ. ಆದರೆ ಮೊದಲ ದಿನ ಸಿಗದಿದ್ದ ಜಾಮೀನು ಈಗ 2000 ಡಾಲರಿಗೆ ಸಿಕ್ಕಿತು. ಅಕ್ಟೋಬರ್ 27ರಂದು ಕಿಂಗ್ ಮನೆಗೆ ಬಂದರು.

ಎದುರಾಳಿ ರಿಚರ್ಡ್ ನಿಕ್ಸನ್ ಕಿಂಗ್ ಅವರನ್ನು ಮೊದಲಿನಿಂದ ಬಲ್ಲವನು. ಆದರೂ ಬಾಯಿ ಬಿಡಲಿಲ್ಲ. ನಿಕ್ಸನ್ನಿಗೆ ಮತ ಎಂದು ಹೇಳಿಕೊಂಡಿದ್ದ ಕಿಂಗ್ ಅವರ ತಂದೆ, ಸೊಸೆಗೆ ಬಂದ ಫೋನಿನ ಮೇಲೆ ಪಕ್ಷ ಬದಲಾಯಿಸಿದರು. ಈ ಸಂಗತಿಯ ಕರಪತ್ರ ಲಕ್ಷಗಟ್ಟಲೆ ಅಚ್ಚಾಗಿ, ಮತದಾನದ ಹಿಂದಿನ ಭಾನುವಾರ ಕಪ್ಪು ಜನರ ಚರ್ಚುಗಳ ಬಾಗಿಲಲ್ಲಿ ಹಂಚಿತು. ನವೆಂಬರ್ 8ರಂದು ಆರೂಮುಕ್ಕಾಲು ಕೋಟಿಗೂ ಹೆಚ್ಚು ಜನ ಮತ ಹಾಕಿದ ಚುನಾವಣೆಯಲ್ಲಿ ಕೆನಡಿ ಗೆದ್ದ ಅಂತರ 1 ಲಕ್ಷ 20 ಸಾವಿರಕ್ಕಿಂತ ಕಡಿಮೆ. ಅಷ್ಟೂ ಮತ ಆ ಫೋನಿನಿಂದಲೇ ಬಂತು ಎನ್ನಲಾಗದು. ಇಷ್ಟು ತೆಳು ಅಂತರದಲ್ಲಿ ಅದರ ಪಾಲು ಇರಲೇ ಇಲ್ಲ ಎನ್ನಲೂ ಆಗದು.

ಸೆಪ್ಟೆಂಬರಿನಲ್ಲಿ ಕಿಂಗ್ ಆ ಚೀಟಿಯನ್ನು ಪ್ರಶ್ನಿಸಿದ್ದರೆ? ಮಿಚೆಲ್ ಎದುರು ಬಹುಶಃ ಸೋಲುತ್ತಿದ್ದರು. ಲೈಸೆನ್ಸು ಹಳೆಯದೆಂಬುದು ನಿಜವೇ ಆಗಿತ್ತು. ಆದರೆ ವಾದ ಮಾಡುವವನು ತೀರ್ಪನ್ನು ಕೊನೆಯ ಸಾಲಿನವರೆಗೆ ಕೇಳುತ್ತಾನೆ, ಮೇಲಿನ ಕೋರ್ಟಿಗೆ ಹೋಗುವ ದಾರಿ ತೆರೆದಿಟ್ಟುಕೊಳ್ಳುತ್ತಾನೆ. ಹನ್ನೆರಡು ತಿಂಗಳ ಆ ಸಾಲು ಅಂದೇ ಕಣ್ಣಿಗೆ ಬೀಳುತ್ತಿತ್ತು. ಕಟ್ಟುವವನಿಗೆ ರಸೀದಿ ಮಾತ್ರ ಕಾಣುತ್ತದೆ. 1961ರಲ್ಲಿ ಜಾರ್ಜಿಯಾದ ಮೇಲ್ಮನವಿ ನ್ಯಾಯಾಲಯ ಮಿಚೆಲ್ ಕೊಟ್ಟ ಶಿಕ್ಷೆಯನ್ನು ತಳ್ಳಿಹಾಕಿತು.

ಲಿಲಿಯನ್ ಸ್ಮಿತ್ ಕ್ಯಾನ್ಸರಿನೊಡನೆ ಹೆಣಗುತ್ತಲೇ ಬರೆಯುತ್ತಾ 1966ರವರೆಗೆ ಬದುಕಿದ್ದರು. ಅದಕ್ಕೆ ಮೂರು ವರ್ಷ ಮೊದಲು, 1963ರ ಏಪ್ರಿಲ್‌ನಲ್ಲಿ, ಕಿಂಗ್ ಮತ್ತೊಂದು ಜೈಲಿನಲ್ಲಿದ್ದರು, ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿ ಸಿಕ್ಕಿದ ಪತ್ರಿಕೆಯ ಅಂಚಿನ ಮೇಲೆ ಬರೆಯಲು ಶುರುಮಾಡಿ, ಬಿಳಿಯ ಪಾದ್ರಿಗಳಿಗೆ ಉದ್ದನೆಯ ಪತ್ರವೊಂದನ್ನು ಬರೆದರು. ತಮ್ಮ ಹೋರಾಟವನ್ನು ಅರಿತು ಬರೆದ ಬಿಳಿಯರು ಕೆಲವರೇ ಎನ್ನುತ್ತಾ ಅವರು ಅದರಲ್ಲಿ ಬೆರಳೆಣಿಕೆಯ ಹೆಸರುಗಳನ್ನು ಕೊಟ್ಟಿದ್ದಾರೆ. ಆ ರಾತ್ರಿ ಕಾರಿನಲ್ಲಿದ್ದ ಲಿಲಿಯನ್ ಸ್ಮಿತ್ ಹೆಸರು ಆ ಸಾಲಿನಲ್ಲಿದೆ.